ಸ್ಟಾರ್ ಅಂಗಡಿಯಲ್ಲಿ ಸಿಗುತ್ತೆ, ಕ್ಯಾರಲ್ ಸಿಗಲ್ಲ: ಹೊಸಪೇಟೆ, ಸಂಡೂರು, ಕಂಪ್ಲಿ ಚರ್ಚ್ ಯುವಜನರ ಡಿಸೆಂಬರ್ ಲೆಕ್ಕ

ಹೊಸಪೇಟೆ: ಡಿಸೆಂಬರ್ ಬಂತು ಅಂದ್ರೆ ಫ್ಯಾನ್ಸಿ ಸ್ಟೋರ್‌ಗಳ ಮುಂದೆ ಕಾಗದದ ನಕ್ಷತ್ರ ತೂಗಾಡುತ್ತವೆ. ಬೇಕರಿಗಳ ಗಾಜಿನ ಕಪಾಟಿಗೆ ಪ್ಲಮ್ ಕೇಕ್ ಬಂದು ಕೂರುತ್ತೆ. ಕೆಂಪು ಟೋಪಿ, ಬಣ್ಣದ ಸೀರಿಯಲ್ ಲೈಟು, ಮಕ್ಕಳ ಸಾಂಟಾ ಡ್ರೆಸ್ಸು, ಎಲ್ಲಕ್ಕೂ ಗಿರಾಕಿ ಇದ್ದಾರೆ. ಕೊಳ್ಳುವವರಲ್ಲಿ ಕ್ರೈಸ್ತರು ಮಾತ್ರ ಇರಲ್ಲ. ಶಾಲೆಯ ಕಾರ್ಯಕ್ರಮಕ್ಕೆ, ಲಾಡ್ಜು-ಹೋಟೆಲ್‌ಗಳ ಅಲಂಕಾರಕ್ಕೆ, ಮಗು ಹಟ ಮಾಡಿತು ಅಂತ ಮನೆಗೆ, ಹೀಗೆ ಎಲ್ಲ ಧರ್ಮದವರೂ ಒಯ್ಯುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಕೇಕ್, ಪೇಸ್ಟ್ರಿ, ಬಿಸ್ಕತ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿರೋದು ಬೇಕರಿಯವರಿಗೆ ಇನ್ನೊಂದು ಅನುಕೂಲ.

ಇದು ಅಂಗಡಿಯ ಕ್ರಿಸ್‌ಮಸ್. ದುಡ್ಡು ಕೊಟ್ಟರೆ ಸಿಗುತ್ತೆ.

ಇನ್ನೊಂದು ಕ್ರಿಸ್‌ಮಸ್ ಇದೆ. ಸಂಜೆ ಏಳು ಗಂಟೆಗೆ ಹತ್ತು-ಹದಿನೈದು ಹುಡುಗ ಹುಡುಗಿಯರು ಒಂದು ಡೋಲಕ್, ಒಂದು ಗಿಟಾರ್ ಹಿಡಿದು ಓಣಿಗೆ ಬರುತ್ತಾರೆ. ಮನೆ ಬಾಗಿಲಲ್ಲಿ ನಿಂತು ಎರಡು ಹಾಡು ಹೇಳುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಚಹಾ ಕುಡಿದು ಮುಂದಿನ ಮನೆಗೆ ಹೋಗುತ್ತಾರೆ. ಇದೇ ಕ್ಯಾರಲ್ಸ್. ಇದನ್ನು ನಡೆಸೋರು ಚರ್ಚಿನ ಯುವಜನ ಸಂಘದವರು, ಹೆಚ್ಚಿನವರು 17ರಿಂದ 28ರ ವಯಸ್ಸಿನವರು. ಇದಕ್ಕೆ ದುಡ್ಡು ಸ್ವಲ್ಪವೇ ಸಾಕು. ಬೇಕಾಗಿರೋದು ಮೂರು: ಜನ, ಸಮಯ, ನೆರೆಹೊರೆಯವರ ವಿಶ್ವಾಸ. ಈ ಮೂರೂ ಅಂಗಡಿಯಲ್ಲಿ ಸಿಗಲ್ಲ. ನಮ್ಮ ಭಾಗದ ಯುವಜನ ಸಂಘಗಳು ಈ ಮೂರಕ್ಕೇ ತಡಕಾಡುತ್ತಿವೆ.

ಮೂರು ಊರು, ಎರಡು ಜಿಲ್ಲೆ

ಮೊದಲು ಭೂಗೋಳ. 2021ರಲ್ಲಿ ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಯಿತು. ಹೊಸಪೇಟೆ ಅದರ ಕೇಂದ್ರ. ಹಂಪಿ ಇರೋದು ಹೊಸಪೇಟೆ ತಾಲ್ಲೂಕಿನಲ್ಲಿ. ಆದ್ರೆ ಸಂಡೂರು, ಕಂಪ್ಲಿ ಎರಡೂ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಬಸ್ಸು, ಬಜಾರು, ನೆಂಟಸ್ತನ ಎಲ್ಲ ಒಂದೇ. ಕಚೇರಿ ಮಾತ್ರ ಬೇರೆ. ಹೊಸಪೇಟೆಯ ಸಂಘವೊಂದು ಕಂಪ್ಲಿಯ ಚರ್ಚಿನ ಜೊತೆ ಸೇರಿ ಕಾರ್ಯಕ್ರಮ ಮಾಡಿದರೆ ಎರಡು ಜಿಲ್ಲಾಡಳಿತ, ಎರಡು ಎಸ್‌ಪಿ ಕಚೇರಿಯ ವ್ಯಾಪ್ತಿ ಬರುತ್ತೆ. ಮೈಕ್ ಅನುಮತಿಗೆ ಒಂದೇ ಅರ್ಜಿ ಸಾಕು ಅಂದುಕೊಂಡವರು ಕೊನೇ ದಿನ ಓಡಾಡಬೇಕಾಗುತ್ತೆ.

ಚರ್ಚುಗಳ ಆಡಳಿತ ಹಂಗಲ್ಲ. ಕ್ಯಾಥೋಲಿಕರ ಬಳ್ಳಾರಿ ಧರ್ಮಪ್ರಾಂತ್ಯ 1949ರಲ್ಲಿ ಆಗಿದ್ದು, ಹೊಸ ಜಿಲ್ಲೆ ಬಂದರೂ ಅದರ ಗಡಿ ಬದಲಾಗಲಿಲ್ಲ. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಪಂಗಡಗಳು ಸೇರಿ ಆದ ಸಿಎಸ್‌ಐ ಸಭೆ ಬೇರೆ. ಇವೆರಡಕ್ಕೂ ಸೇರದ ಸಣ್ಣ ಸಣ್ಣ ಪ್ರಾರ್ಥನಾ ಸಭೆಗಳು ಬೇರೆ. ಫಾದರ್ ಇರೋ ಕಡೆ ಯುವಜನ ಸಂಘಕ್ಕೆ ಮೇಲಿನಿಂದ ಒಂದು ಚೌಕಟ್ಟು ಇರುತ್ತೆ. ಪಾಸ್ಟರ್ ಒಬ್ಬರೇ ನಡೆಸೋ ಸಣ್ಣ ಸಭೆಯಲ್ಲಿ ಪಾಸ್ಟರ್ ಮನೆಯವರು ಮತ್ತು ನಾಲ್ಕೈದು ಹುಡುಗರೇ ಎಲ್ಲ.

ಊರಿಗೊಂದು ಬಣ್ಣವೂ ಇದೆ. ಸಂಡೂರು ತಾಲ್ಲೂಕಿನ ದೋಣಿಮಲೈ, ತೋರಣಗಲ್ಲು ಅಂದ್ರೆ ಗಣಿ ಮತ್ತು ಉಕ್ಕು. ಕೇರಳ, ತಮಿಳುನಾಡು, ಒಡಿಶಾ, ಜಾರ್ಖಂಡ್ ಕಡೆಯಿಂದ ಕೆಲಸಕ್ಕೆ ಬಂದವರು ಅಲ್ಲಿದ್ದಾರೆ. ಅಲ್ಲಿನ ಕ್ಯಾರಲ್ ತಂಡ ಕನ್ನಡದ ಜೊತೆ ಮಲಯಾಳ, ತಮಿಳು, ಹಿಂದಿ ಹಾಡನ್ನೂ ಕಲಿಯಬೇಕು. ಕಂಪ್ಲಿ ಕಡೆ ಭತ್ತ, ಕಬ್ಬು, ಬಾಳೆ. ನೀರಾವರಿ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಆ ಸೀಮೆಯಲ್ಲಿವೆ. ಅಲ್ಲಿ ತೆಲುಗು ಇಲ್ಲದೆ ಕೆಲಸ ನಡೆಯಲ್ಲ. ಹೊಸಪೇಟೆ ಎಲ್ಲದರ ಮಿಶ್ರಣ.

ಒಂದು ಅಂಶ ಮಾತ್ರ ಎಲ್ಲ ಕಡೆ ಸಮಾನ. ಸಂಖ್ಯೆ ಕಮ್ಮಿ. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲೇ ಕ್ರೈಸ್ತರು ಶೇ 1.87. ಅದರಲ್ಲೂ ದೊಡ್ಡ ಪಾಲು ಬೆಂಗಳೂರು ಮತ್ತು ಕರಾವಳಿಯಲ್ಲಿದೆ. ಮಂಗಳೂರಿನಲ್ಲಿ ಒಂದು ಬೀದಿಯಲ್ಲಿ ಹತ್ತು ಮನೆಗೆ ನಕ್ಷತ್ರ ಕಟ್ಟಿರಬಹುದು, ಗೋದಲಿ ಸ್ಪರ್ಧೆ ನಡೆಯಬಹುದು. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಂದ್ರೆ ಮೂರು ಓಣಿ ದಾಟಬೇಕು. ಅಂದ್ರೆ ಇಲ್ಲಿನ ಕ್ಯಾರಲ್ ತಂಡ ಬೇರೆಯವರ ಮನೆ ಮುಂದೆ ನಡೆದೇ ಹೋಗಬೇಕು. ಹಾಡು ಅವರ ಕಿವಿಗೂ ಬೀಳುತ್ತೆ. ನೆರೆಹೊರೆಯ ವಿಶ್ವಾಸದ ಪ್ರಶ್ನೆ ಇಲ್ಲಿ ಹೆಚ್ಚು ದೊಡ್ಡದಾಗೋದು ಇದಕ್ಕೇ.

ನೆನ್ನೆ ಮೊನ್ನೆ ಬಂದ ಹಬ್ಬ ಅಲ್ಲ

ಕ್ರಿಸ್‌ಮಸ್ ಅಂದ್ರೆ ಬೆಂಗಳೂರಿನ ಮಾಲ್‌ಗಳಿಂದ ಇಲ್ಲಿಗೆ ಬಂದ ಫ್ಯಾಷನ್ ಅನ್ನೋ ಮಾತು ಕೇಳಿಬರುತ್ತೆ. ಇತಿಹಾಸ ಹಂಗೆ ಹೇಳಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದು 1810ರಲ್ಲಿ. ಬೈಬಲ್ ಪೂರ್ತಿಯಾಗಿ ಕನ್ನಡಕ್ಕೆ ಬಂದಿದ್ದು 1831ರ ಹೊತ್ತಿಗೆ, ಅವರ ಬಳ್ಳಾರಿಯ ದುಡಿಮೆಯಿಂದ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. ಮಾರನೇ ವರ್ಷ ಅದೇ ಪತ್ರಿಕೆ ‘ಕನ್ನಡ ಸಮಾಚಾರ’ ಅನ್ನೋ ಹೆಸರಲ್ಲಿ ಬಳ್ಳಾರಿಯಿಂದ ಹೊರಬಂತು. ಅಂದ್ರೆ ಬಳ್ಳಾರಿ ಸೀಮೆಗೆ ಈ ನಂಟು 200 ವರ್ಷ ದಾಟಿದೆ.

ಇನ್ನೂ ಹಿಂದೆ ಹೋದರೆ ವಿಜಯನಗರದ ಕಾಲ. 16ನೇ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸ್ ಪ್ರವಾಸಿ ಡುವಾರ್ಟೆ ಬಾರ್ಬೋಸ, ಈ ರಾಜ್ಯದಲ್ಲಿ ಕ್ರೈಸ್ತನಾಗಲಿ, ಯಹೂದಿಯಾಗಲಿ, ಮುಸಲ್ಮಾನನಾಗಲಿ ಯಾರು ಬೇಕಾದರೂ ಬಂದುಹೋಗಬಹುದು, ತಮ್ಮ ತಮ್ಮ ಧರ್ಮದಂತೆ ಬದುಕಬಹುದು ಅಂತ ದಾಖಲಿಸಿದ್ದಾನೆ. ಜಿಲ್ಲೆಗೆ ಅದೇ ಸಾಮ್ರಾಜ್ಯದ ಹೆಸರಿಟ್ಟುಕೊಂಡವರು ನೆನಪಿಡಬೇಕಾದ ಮಾತಿದು.

ಒಂದು ತಿಂಗಳ ಕೆಲಸ, ನಾಲ್ಕು ಭಾನುವಾರ

ಹೊರಗಿನವರಿಗೆ ಕ್ರಿಸ್‌ಮಸ್ ಅಂದ್ರೆ ಡಿಸೆಂಬರ್ 25. ಸಂಘದವರಿಗೆ ಅದು ನವೆಂಬರ್ ಕೊನೆಯಲ್ಲೇ ಶುರು. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬೀಳುತ್ತೆ. ಅಷ್ಟರೊಳಗೆ ಸಂಘದ ಸಭೆ ಆಗಿರಬೇಕು. ಯಾರು ಹಾಡು, ಯಾರು ನಾಟಕ, ಯಾರು ಗೋದಲಿ, ಯಾರು ಚಂದಾ, ಯಾರು ಊಟ ಅನ್ನೋ ಹಂಚಿಕೆ ಆಗಬೇಕು.

ಎರಡನೇ ಭಾನುವಾರದ ಹೊತ್ತಿಗೆ ಹಾಡಿನ ಪ್ರಾಕ್ಟೀಸು. ಮೂರನೇ ವಾರದಿಂದ ಮನೆ ಮನೆ ಕ್ಯಾರಲ್ಸ್. ನಡುವೆ ಭಾನುವಾರ ಶಾಲೆಯ ಮಕ್ಕಳ ನಾಟಕ. ಕುರುಬರು, ದೇವದೂತರು, ಮೂವರು ಜ್ಞಾನಿಗಳ ವೇಷ ಹೊಲಿಸೋ ಕೆಲಸ. ಕೊನೇ ಎರಡು ದಿನ ಗೋದಲಿ ಕಟ್ಟೋದು. ಕಂಪ್ಲಿ ಕಡೆ ಭತ್ತದ ಹುಲ್ಲಿಗೆ ಬರ ಇಲ್ಲ, ಗೋದಲಿಗೆ ಅದೇ ಹೊದಿಕೆ. 24ರ ರಾತ್ರಿ ಕ್ಯಾಥೋಲಿಕರಲ್ಲಿ ಬಲಿಪೂಜೆ. 25ರ ಬೆಳಿಗ್ಗೆ ಎಲ್ಲ ಸಭೆಗಳಲ್ಲೂ ಆರಾಧನೆ. ಆಮೇಲೆ ಸ್ಪರ್ಧೆ, ಬಹುಮಾನ, ಊಟ. 31ರ ರಾತ್ರಿ ಹೊಸ ವರ್ಷದ ಆರಾಧನೆ. ಲೆಕ್ಕ ಹಾಕಿದರೆ ಐದು ವಾರದ ದುಡಿಮೆ, ಸಂಬಳ ಇಲ್ಲ.

ಜನ ಎಲ್ಲಿ?

ಮೊದಲ ಕೊರತೆ ಇದೇ. ಪಿಯುಸಿ, ಡಿಗ್ರಿ ಮುಗಿದ ಮೇಲೆ ಹುಡುಗರು ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್ ದಾರಿ ಹಿಡಿಯುತ್ತಾರೆ. ನರ್ಸಿಂಗ್ ಓದಿದ ಹುಡುಗಿಯರು ದೊಡ್ಡ ಆಸ್ಪತ್ರೆ ಇರೋ ಊರಿಗೆ ಹೋಗುತ್ತಾರೆ. ಇದು ಕ್ರೈಸ್ತರ ಮನೆಯ ಕತೆ ಮಾತ್ರ ಅಲ್ಲ, ಹೊಸಪೇಟೆಯ ಯಾವ ಗಣೇಶ ಮಂಡಳಿಯನ್ನು ಕೇಳಿದರೂ ಇದೇ ಉತ್ತರ. ಆದ್ರೆ ಮಂಡಳಿಯಲ್ಲಿ ಐವತ್ತು ಹುಡುಗರಿದ್ದು ಹತ್ತು ಜನ ಹೋದರೆ ನಡೆಯುತ್ತೆ. ಹದಿನೈದು ಜನರ ಸಂಘದಲ್ಲಿ ಆರು ಜನ ಹೋದರೆ ಹಾಡಿನ ಒಂದು ಧ್ವನಿಯೇ ಇಲ್ಲದಂಗಾಗುತ್ತೆ.

ಊರು ಬಿಟ್ಟವರು ಹಬ್ಬಕ್ಕೆ ವಾಪಸ್ ಬರುತ್ತಾರೆ. ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಸೀಟು ಸಿಕ್ಕರೆ 23 ಅಥವಾ 24ರ ಬೆಳಿಗ್ಗೆ ಇಳಿಯುತ್ತಾರೆ. ಆಗ ಕ್ಯಾರಲ್ಸ್ ಮುಗಿದಿರುತ್ತೆ. ಅವರಿಗೆ ಹಬ್ಬ ಸಿಗುತ್ತೆ, ಹಬ್ಬದ ಕೆಲಸ ಸಿಗಲ್ಲ. ಉಳಿದವರ ಮೇಲೆ ಭಾರ. ಅವರಲ್ಲೂ ಕೆಲವರಿಗೆ ಸೆಮಿಸ್ಟರ್ ಪರೀಕ್ಷೆ ಇದೇ ಹೊತ್ತಿಗೆ ಬರುತ್ತೆ. ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಡ್ಯೂಟಿ. ಬಿ ಶಿಫ್ಟಿನವನು ಸಂಜೆ ಕ್ಯಾರಲ್‌ಗೆ ಬರೋಕಾಗಲ್ಲ. ಅಂಗಡಿಯಲ್ಲಿ ಕೆಲಸಕ್ಕಿರೋ ಹುಡುಗನಿಗೆ ಡಿಸೆಂಬರ್ ಕೊನೇ ವಾರವೇ ವ್ಯಾಪಾರದ ಸೀಸನ್ನು, ಮಾಲೀಕರು ರಜೆ ಕೊಡೋದು ಕಷ್ಟ.

ಹುಡುಗಿಯರ ವಿಷಯ ಬೇರೆಯೇ. ಬಹಳಷ್ಟು ಸಂಘಗಳಲ್ಲಿ ಹಾಡು ಕಲಿಸೋದು, ಮಕ್ಕಳ ನಾಟಕ, ಅಲಂಕಾರ ಎಲ್ಲ ಅವರದೇ. ಆದ್ರೆ ರಾತ್ರಿ ಎಂಟಾದ ಮೇಲೆ ಮನೆಯಿಂದ ಫೋನು ಶುರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ಸು ಉಚಿತ ಆಗಿರೋದು ಪ್ರಾಕ್ಟೀಸಿಗೆ ಒಂದು ಊರಿಂದ ಇನ್ನೊಂದು ಊರಿಗೆ ಬರೋರಿಗೆ ನೆರವಾಗಿದೆ. ಹೊಸಪೇಟೆಯಿಂದ ಕಂಪ್ಲಿಗಾಗಲಿ ಸಂಡೂರಿಗಾಗಲಿ ಸುಮಾರು 30 ಕಿ.ಮೀ. ಹೋಗೋದು ಸುಲಭ, ತಡರಾತ್ರಿ ವಾಪಸ್ ಬರೋದು ಸುಲಭ ಅಲ್ಲ. ಹಂಗಾಗಿ ಕ್ಯಾರಲ್ ಸಮಯವನ್ನು ಸಂಜೆ ಆರಕ್ಕೆ ಎಳೆದುಕೊಂಡರೆ ಎಂಟೂವರೆಗೆ ಮುಗಿಸಬಹುದು. ಯಾವ ಹುಡುಗಿ ಯಾರ ಜೊತೆ ಮನೆ ಸೇರುತ್ತಾಳೆ ಅನ್ನೋದನ್ನು ಮುಂಚೆಯೇ ಬರೆದಿಟ್ಟರೆ ಅಪ್ಪ ಅಮ್ಮನ ಆತಂಕ ಅರ್ಧ ಇಳಿಯುತ್ತೆ. ಇದನ್ನು ಮಾಡದ ಸಂಘ ತನ್ನ ಒಳ್ಳೇ ಹಾಡುಗಾರ್ತಿಯರನ್ನು ತಾನೇ ಕಳೆದುಕೊಳ್ಳುತ್ತೆ.

ಇದರ ಮೇಲೆ ಕೊರೊನಾ ಹೊಡೆತ. 2020ರ ಡಿಸೆಂಬರ್ 24ರ ರಾತ್ರಿಯಿಂದ ಕರ್ಫ್ಯೂ ಅಂತ ರಾಜ್ಯ ಸರ್ಕಾರ ಘೋಷಿಸಿ, ಅದೇ ದಿನ ಸಂಜೆ ವಾಪಸ್ ತೆಗೆದುಕೊಂಡಿದ್ದು ನೆನಪಿರಬಹುದು. 2021ರ ಡಿಸೆಂಬರ್ 28ರಿಂದ ಮತ್ತೆ ರಾತ್ರಿ ಕರ್ಫ್ಯೂ. ಅಂಥ ದಿನಗಳಲ್ಲಿ ಮನೆ ಮನೆಗೆ ತಿರುಗಿ ಹಾಡೋದು ಮೊದಲಿನಂಗೆ ಆಗಲಿಲ್ಲ. ದೊಡ್ಡವರಿಂದ ಸಣ್ಣವರು ನೋಡಿ ಕಲಿಯೋ ವಿಷಯದಲ್ಲಿ ಎರಡು ವರ್ಷದ ಅಡಚಣೆ ಅಂದ್ರೆ ಸಣ್ಣದಲ್ಲ.

ರಾತ್ರಿ ಹತ್ತು ಗಂಟೆ ಅನ್ನೋ ಗೆರೆ

ಎರಡನೇದು ಸಮಯ, ಅಂದ್ರೆ ಮೈಕ್ ಮತ್ತು ಕಾನೂನು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗೆ, ಒಳಗಿನವರಿಗಷ್ಟೇ ಕೇಳುವಂಗೆ ಬಳಸೋದು ಬೇರೆ. ಹಬ್ಬಕ್ಕೆ ಅಂತ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಚರ್ಚಿಗೂ ಇಲ್ಲ, ಠಾಣೆಗೂ ಇಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಮಿತಿ. ಬಜಾರಿನಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ-ಕಾಲೇಜು, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಿದ್ದರೆ ಅಲ್ಲಿ ಇನ್ನೂ ಬಿಗಿ.

2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಧ್ವನಿವರ್ಧಕಗಳ ಬಗ್ಗೆ ಹೊರಡಿಸಿದ ಆದೇಶ ಎಲ್ಲ ಧರ್ಮದ ಸ್ಥಳಗಳಿಗೂ ಅನ್ವಯ. ಕಮಿಷನರೇಟ್ ಇಲ್ಲದ ನಮ್ಮಂಥ ಕಡೆ ಡಿವೈಎಸ್‌ಪಿ, ತಹಶೀಲ್ದಾರ್, ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿನಿಧಿ ಇರೋ ಸಮಿತಿ ಇದನ್ನು ನೋಡಬೇಕು ಅಂತ ಅದರಲ್ಲಿದೆ. ಹಂಗಾಗಿ ಅರ್ಜಿ ಡಿಸೆಂಬರ್ ಮೊದಲ ವಾರದಲ್ಲೇ ಹೋಗಬೇಕು. 23ಕ್ಕೆ ಹೋದರೆ ಸಾಹೇಬ್ರು ಬಂದೋಬಸ್ತಿನಲ್ಲಿರುತ್ತಾರೆ.

ಪಟಾಕಿಗೂ ಗೆರೆ ಇದೆ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10, ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಾತ್ರಿ 11.55ರಿಂದ 12.30 ಅಂತ ಸಮಯ ಗೊತ್ತುಮಾಡಿತು. ಅಂದ್ರೆ 35 ನಿಮಿಷ. ಅದೂ ಹಸಿರು ಪಟಾಕಿ.

ಇನ್ನೆರಡು ಸಂಗತಿ ಯಾರೂ ತಲೆಗೆ ಹಾಕಿಕೊಳ್ಳಲ್ಲ. ಒಂದು, ಕ್ಯಾರಲ್ ತಂಡವನ್ನು ಟಾಟಾ ಏಸ್ ಹಿಂದೆ ತುಂಬಿಕೊಂಡು ಹೋಗೋದು. ಸರಕು ಗಾಡಿಯಲ್ಲಿ ಜನ ಸಾಗಿಸೋದು ನಿಯಮಕ್ಕೆ ವಿರುದ್ಧ, ಅಪಘಾತ ಆದರೆ ವಿಮೆ ಹಣಕ್ಕೂ ತಕರಾರು ಬರುತ್ತೆ. ಅದಿರು ಲಾರಿ ಓಡಾಡೋ ಸಂಡೂರು ರಸ್ತೆಯಲ್ಲಿ ರಾತ್ರಿ ಹೊತ್ತು ಇದು ಪ್ರಾಣದ ಮಾತು. ಎರಡು, ಕರೆಂಟು. ಬೀದಿ ಕಂಬದಿಂದ ನೇರ ವೈರ್ ಎಳೆದು ನಕ್ಷತ್ರ ಬೆಳಗಿಸೋದು ವಿದ್ಯುತ್ ಕಳ್ಳತನ. ಜೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕ ಕೇಳಬಹುದು, ಇಲ್ಲಾಂದ್ರೆ ಚರ್ಚಿನ ಮೀಟರಿನಿಂದಲೇ ತೆಗೆದುಕೊಳ್ಳಬಹುದು. ಒಣ ಹುಲ್ಲಿನ ಗೋದಲಿ ಒಳಗೆ ಮೇಣದಬತ್ತಿ ಇಡೋದು, ಟೇಪ್ ಸುತ್ತದ ವೈರ್ ಜೋಡಿಸೋದು ಬೆಂಕಿಗೆ ಕರೆ ಕೊಟ್ಟಂಗೆ. ಪಕ್ಕದಲ್ಲಿ ಎರಡು ಬಕೆಟ್ ಮರಳು ಇಡೋಕೆ ಖರ್ಚೇನಿಲ್ಲ.

ಬಾಗಿಲು ಬಡಿಯೋ ಮುಂಚೆ

ಮೂರನೇದು ಎಲ್ಲಕ್ಕಿಂತ ಸೂಕ್ಷ್ಮ. 2021ರ ಡಿಸೆಂಬರ್ 23ರಂದು ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಹಬ್ಬಕ್ಕೆ ಎರಡೇ ದಿನ ಬಾಕಿ. ಅದೇ ಹೊತ್ತಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೈಪಾಳ್ಯದ ಚರ್ಚಿನಲ್ಲಿ ಸಂತ ಅಂತೋಣಿಯ ಪ್ರತಿಮೆಗೆ ಹಾನಿ ಮಾಡಲಾಯಿತು. ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ಶಾಲೆಯೊಂದರ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಗುಂಪೊಂದು ನುಗ್ಗಿ ಆಕ್ಷೇಪ ಎತ್ತಿತು. 2022ರ ಮೇನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಒಪ್ಪಿಗೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡೋ ತೀರ್ಮಾನ ತೆಗೆದುಕೊಂಡಿತು.

ಕಾನೂನಿನ ಜಗಳ ವಿಧಾನಸೌಧದ್ದು. ಅನುಮಾನ ಮಾತ್ರ ಓಣಿಗೆ ಇಳಿಯಿತು. ಗಿಟಾರ್ ಹಿಡಿದು ಮನೆ ಮುಂದೆ ನಿಂತ ಹುಡುಗರನ್ನು ‘ಹಾಡೋಕೆ ಬಂದೀರೋ, ಮತಾಂತರಕ್ಕೆ ಬಂದೀರೋ’ ಅಂತ ಕೇಳೋ ಪ್ರಶ್ನೆ ಎದ್ದರೆ ಹುಡುಗರಿಗೆ ಹೆದರಿಕೆ, ತಾಯಂದಿರಿಗೆ ಇನ್ನೂ ಹೆದರಿಕೆ. ಆಗ ಸುಲಭದ ದಾರಿ ಅಂದ್ರೆ ಕ್ಯಾರಲ್ಸನ್ನು ಚರ್ಚಿನ ಕಾಂಪೌಂಡ್ ಒಳಗೇ ಮುಗಿಸೋದು. ಆಗ ಊರು ಆ ಹಾಡನ್ನು ಕೇಳಲ್ಲ. ಕೇಳದ ಮೇಲೆ ಅದು ಪರಕೀಯ ಅನ್ನಿಸುತ್ತೆ. ಪರಕೀಯ ಅನ್ನಿಸಿದ್ದರ ಮೇಲೆ ಅನುಮಾನ ಇನ್ನೂ ಜಾಸ್ತಿ ಆಗುತ್ತೆ.

ಕಾನೂನಿನ ಮಾತು ಸ್ಪಷ್ಟ ಇರಲಿ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ಆಚರಿಸೋ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ ಮತ್ತು ಆರೋಗ್ಯದಂಥ ಮಿತಿಗಳ ಜೊತೆ. 2022ರ ಕಾಯ್ದೆ ಕೂಡ ಗುರಿ ಇಟ್ಟಿದ್ದು ಬಲವಂತ, ಆಮಿಷ, ಮೋಸದ ಮತಾಂತರಕ್ಕೆ. ತಮ್ಮ ಸಭೆಯವರ ಮನೆಯಲ್ಲಿ ಹಾಡೋದಾಗಲಿ, ಪಕ್ಕದ ಮನೆಗೆ ಕೇಕ್ ಕೊಡೋದಾಗಲಿ ಅಪರಾಧ ಅಲ್ಲ. ಯುಗಾದಿಗೆ ಹೋಳಿಗೆ, ರಂಜಾನ್‌ಗೆ ಶೀರ್‌ಕುರ್ಮಾ ಹೋಗೋ ಓಣಿಯಲ್ಲಿ ಕೇಕ್ ತಟ್ಟೆಗೆ ಬೇರೆ ಕಾನೂನು ಬರಲ್ಲ.

ಹಂಗಂತ ಎಲ್ಲ ಹೊಣೆಯೂ ನೆರೆಯವರದ್ದೇ ಅಲ್ಲ. ಕರೆಯದ ಮನೆ ಮುಂದೆ ನಿಂತು ಹಾಡೋದು, ಗುರುತಿಲ್ಲದ ಮಕ್ಕಳಿಗೆ ಸಾಂಟಾ ವೇಷದವನು ತಂದೆ-ತಾಯಿಯನ್ನು ಕೇಳದೆ ಚಾಕೊಲೇಟು, ಗಿಫ್ಟು ಹಂಚೋದು, ಕರಪತ್ರ ತುರುಕೋದು ತಪ್ಪು ತಿಳಿವಳಿಕೆಗೆ ದಾರಿ. ಇದಕ್ಕೆ ಮದ್ದು ಸರಳ. ಕ್ಯಾರಲ್ ಬೇಕಾದ ಮನೆಯವರೇ ಸಂಘಕ್ಕೆ ಹೆಸರು, ದಿನ ಕೊಡಬೇಕು. ಆ ಪಟ್ಟಿಯ ಮನೆಗಳಿಗೆ ಮಾತ್ರ ಹೋಗಬೇಕು. ದಿನ, ಓಣಿ, ಸಮಯ, ಇಬ್ಬರು ಹಿರಿಯರ ಫೋನ್ ನಂಬರ್ ಬರೆದು ಠಾಣೆಗೆ ಒಂದು ಪ್ರತಿ ಕೊಡಬೇಕು. ಓಣಿಯ ಹಿರಿಯರಿಗೆ ಹಿಂದಿನ ದಿನವೇ ‘ನಾಳೆ ಸಂಜೆ ನಮ್ಮ ಹುಡುಗ್ರು ಬರ್ತಾರ್ರೀ, ಅರ್ಧ ತಾಸಿನ ಕೆಲಸ’ ಅಂತ ಒಂದು ಮಾತು ಹೇಳಬೇಕು. ಇದು ಹೆದರಿಕೆಯ ಲಕ್ಷಣ ಅಲ್ಲ, ಊರಲ್ಲಿ ಬದುಕೋ ರೀತಿ. ಮದುವೆ ಶಾಮಿಯಾನ ಹಾಕೋರೂ ಪಕ್ಕದ ಮನೆಗೆ ಇದನ್ನೇ ಹೇಳುತ್ತಾರೆ.

ತೊಂದರೆ ಕೊಡೋರು ಬಂದರೆ ಹುಡುಗರು ವಾದಕ್ಕೆ ಇಳಿಯಬಾರದು, ಹಿರಿಯರು ಮುಂದೆ ಬರಬೇಕು, 112ಕ್ಕೆ ಕರೆ ಹೋಗಬೇಕು. ಅಷ್ಟೇ ಮುಖ್ಯ, ಪೊಲೀಸರು ತಂಡವನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳಬಾರದು. ತಡೆದವರನ್ನೂ ಕೇಳಬೇಕು.

ಡಿಸೆಂಬರ್ ಎಲ್ಲರದ್ದೂ

ಕ್ರಿಸ್‌ಮಸ್ ಒಂದೇ ಈ ತಿಂಗಳ ಹಬ್ಬ ಅಲ್ಲ ಅನ್ನೋದು ಮರೆಯಬಾರದು. ಮಾರ್ಗಶಿರದಲ್ಲಿ ಹನುಮ ಮಾಲಾಧಾರಿಗಳು ಸಾವಿರಾರು ಸಂಖ್ಯೆಯಲ್ಲಿ ಆನೆಗೊಂದಿ ಹತ್ತಿರದ ಅಂಜನಾದ್ರಿಗೆ ಹೋಗುತ್ತಾರೆ. ಹಂಪಿಯಲ್ಲಿ ವಿರೂಪಾಕ್ಷ-ಪಂಪಾದೇವಿಯರ ನಿಶ್ಚಿತಾರ್ಥದ ಫಲಪೂಜೆ ಇದೇ ಹೊತ್ತಿಗೆ. ಅಯ್ಯಪ್ಪ ಮಾಲೆ ಹಾಕಿದವರ ಭಜನೆ ನಡೆದಿರುತ್ತೆ. 16ರ ಆಸುಪಾಸು ಧನುರ್ಮಾಸ ಶುರುವಾಗಿ ದೇವಸ್ಥಾನಗಳಲ್ಲಿ ನಸುಕಿನ ಪೂಜೆ. ಇದರ ಜೊತೆ ಹಂಪಿಗೆ ವರ್ಷಾಂತ್ಯದ ಪ್ರವಾಸಿಗರು, ಹೊಸಪೇಟೆಯಿಂದ ಸುಮಾರು 13 ಕಿ.ಮೀ. ರಸ್ತೆಯಲ್ಲಿ ಗಾಡಿಗಳ ಸಾಲು.

ಯುವಜನ ಸಂಘ ದಿನ ನಿಗದಿ ಮಾಡೋ ಮುಂಚೆ ಈ ಕ್ಯಾಲೆಂಡರ್ ನೋಡಿದರೆ ಅರ್ಧ ತೊಂದರೆ ಬರೋದೇ ಇಲ್ಲ. ಮೆರವಣಿಗೆ ಇರೋ ದಿನ ಅದೇ ರಸ್ತೆಯಲ್ಲಿ ಕ್ಯಾರಲ್ ಇಟ್ಟುಕೊಂಡರೆ ಪೊಲೀಸರಿಗೂ ಕಷ್ಟ, ಹುಡುಗರಿಗೂ ಕಷ್ಟ. ಹೊರಗಿಂದ ಬರೋ ಸಂಘಗಳು ಹಂಪಿಯ ಸ್ಮಾರಕಗಳ ಆವರಣದಲ್ಲಿ ಹಾಡು, ಕೂಟ ಮಾಡೋ ಯೋಚನೆ ಇಟ್ಟುಕೊಂಡಿದ್ದರೆ ಬಿಡೋದು ಒಳ್ಳೇದು. 1986ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿರೋ ಜಾಗ ಅದು. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಸಭೆ, ಮನರಂಜನೆ ಯಾವ ಧರ್ಮದವರೂ ಮಾಡುವಂತಿಲ್ಲ.

ಈ ಸೀಮೆಗೆ ಒಬ್ಬರ ಹಬ್ಬದಲ್ಲಿ ಇನ್ನೊಬ್ಬರು ನಿಲ್ಲೋದು ಹೊಸದಲ್ಲ. ಮೊಹರಂನಲ್ಲಿ ಅಲಾಯಿ ದೇವರಿಗೆ ಹಿಂದೂಗಳೇ ಹರಕೆ ಹೊರೋ ಹಳ್ಳಿಗಳು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಎಷ್ಟೋ ಇವೆ. ಕ್ಯಾರಲ್ ತಂಡದ ಡೋಲಕ್‌ಗೂ ಆ ರೂಢಿಯಲ್ಲೇ ಒಂದು ಜಾಗ ಸಿಗಬೇಕು.

ಚಂದಾ ಮತ್ತು ಚೀಟಿ

ದುಡ್ಡು ಸ್ವಲ್ಪ ಸಾಕು ಅಂದ ಮಾತ್ರಕ್ಕೆ ಲೆಕ್ಕ ಬೇಡ ಅಂತಲ್ಲ. ಸಂಘ ಒಡೆಯೋದು ನಂಬಿಕೆಯ ವಿಷಯಕ್ಕಿಂತ ಜಾಸ್ತಿ ಲೆಕ್ಕದ ವಿಷಯಕ್ಕೆ. ಉದಾಹರಣೆಗೆ 15 ಜನರ ಸಂಘ ತಲಾ ₹200 ಹಾಕಿದರೆ ₹3,000. ಕ್ಯಾರಲ್ ಹೋದ 30 ಮನೆಯವರು ಸರಾಸರಿ ₹200 ಕೊಟ್ಟರೆ ₹6,000. ಒಟ್ಟು ₹9,000. ಇಷ್ಟರಲ್ಲಿ ವೇಷಭೂಷಣ, ಗೋದಲಿ, ಮಕ್ಕಳ ಬಹುಮಾನ, ಒಂದು ದಿನದ ಸೌಂಡ್ ಬಾಕ್ಸ್ ಬಾಡಿಗೆ ತೂಗಿಸಬೇಕು. ಡಿಜೆ ತರಿಸಿದರೆ ಉಳಿದದ್ದಕ್ಕೆ ಕಾಸು ಉಳಿಯಲ್ಲ. ಡಿಜೆ ಬೇಕೋ, ಇಪ್ಪತ್ತು ಮಕ್ಕಳಿಗೆ ಬಹುಮಾನ ಬೇಕೋ ಅನ್ನೋದನ್ನು ಸಭೆಯಲ್ಲೇ ಕೇಳಿದರೆ ಉತ್ತರ ಸಿಗುತ್ತೆ.

ಕ್ಯಾರಲ್‌ನಲ್ಲಿ ಬಂದ ದುಡ್ಡು ಡಬ್ಬಿಯಲ್ಲಿ ಬೀಳಲಿ, ಪ್ರತಿ ರಾತ್ರಿ ಇಬ್ಬರು ಎದುರಿಗೆ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಫೋನ್‌ಪೇ ಮಾಡಿಸಿಕೊಂಡರೆ ಒಬ್ಬರ ಸ್ವಂತ ಖಾತೆಗೆ ಬೀಳೋದು ಆಮೇಲೆ ಕಿರಿಕಿರಿ, ಸಂಘದ ಅಥವಾ ಚರ್ಚಿನ ಖಾತೆ ಇರಲಿ. ಬಜಾರಿನಲ್ಲಿ ಚಂದಾ ಎತ್ತೋದಾದರೆ ರಸೀದಿ ಕೊಡಲಿ, ಒತ್ತಾಯ ಬೇಡ. ವರ್ಷವಿಡೀ ಒಂದಲ್ಲ ಒಂದು ಚಂದಾ ಕೊಟ್ಟು ಬೇಸತ್ತ ಅಂಗಡಿಯವರಿಗೆ ರಸೀದಿ ಅಂದ್ರೆ ಮರ್ಯಾದೆ.

ವ್ಯಾಪಾರಸ್ಥರಿಗೂ ಇದರಲ್ಲಿ ಪಾಲಿದೆ. ನಕ್ಷತ್ರ, ಲೈಟು, ಬಟ್ಟೆ, ಕೇಕು, ಕಾರ್ಡಿನ ಪ್ರಿಂಟಿಂಗು, ಶಾಮಿಯಾನ, ಬಾಡಿಗೆ ಪಾತ್ರೆ, ಟೇಲರ್ ಕೆಲಸ ಎಲ್ಲ ಊರಲ್ಲೇ ಆಗೋದು. ₹2,500ರವರೆಗಿನ ಸಿದ್ಧ ಉಡುಪಿಗೂ ಈಗ ಜಿಎಸ್‌ಟಿ ಶೇ 5. ಸಂಘಗಳು ಆನ್‌ಲೈನಲ್ಲಿ ತರಿಸೋ ಬದಲು ನವೆಂಬರ್‌ನಲ್ಲೇ ಅಂಗಡಿಗೆ ಆರ್ಡರ್ ಕೊಟ್ಟರೆ ಅಂಗಡಿಯವರು ರೇಟು ಬಿಡಬಹುದು, ಉದ್ರಿಯನ್ನೂ ಕೊಡಬಹುದು. ಕೆಲಸಕ್ಕಿರೋ ಹುಡುಗನಿಗೆ ನಾಲ್ಕು ಸಂಜೆ ಒಂದು ತಾಸು ಮುಂಚೆ ಬಿಟ್ಟರೆ ಅದೇ ದೊಡ್ಡ ಚಂದಾ. ಗಣೇಶ ಹಬ್ಬಕ್ಕೆ, ಮೊಹರಂಗೆ ಬಿಡೋ ಮಾಲೀಕರು ಇದಕ್ಕೂ ಬಿಡಬಹುದು.

ಜನವರಿಯಲ್ಲಿ ನೋಡಬೇಕಾದ್ದು

ಹಬ್ಬ ಚೆನ್ನಾಗಾಯಿತಾ ಅನ್ನೋದಕ್ಕೆ 25ರ ಫೋಟೊಗಳು ಅಳತೆಗೋಲಲ್ಲ. ಸ್ಟೇಜು, ಲೈಟು, ಕೇಕು ಎಲ್ಲ ಸಂಘದ ಫೋಟೊದಲ್ಲೂ ಒಂದೇ ಥರ ಕಾಣುತ್ತೆ. ನೋಡಬೇಕಾದ್ದು ಜನವರಿ ಮೊದಲ ಎರಡು ವಾರದಲ್ಲಿ. ಲೆಕ್ಕದ ಹಾಳೆ ಚರ್ಚಿನ ಬೋರ್ಡಿಗೆ ಬಂತಾ? ಬಾಡಿಗೆ ಬಾಕಿ, ಅಂಗಡಿ ಉದ್ರಿ ತೀರಿತಾ? ಯಾವ ಓಣಿಯಲ್ಲಿ ತಕರಾರು ಬಂತು, ಯಾವ ಓಣಿಯಲ್ಲಿ ಚಹಾ ಬಂತು ಅಂತ ಯಾರಾದರೂ ಬರೆದಿಟ್ಟರಾ? ಹದಿನಾರು-ಹದಿನೇಳರ ಹುಡುಗ ಹುಡುಗಿಯರಲ್ಲಿ ಇಬ್ಬರಿಗಾದರೂ ಮುಂದಿನ ವರ್ಷದ ಹೊಣೆ ಒಪ್ಪಿಸಿದರಾ?

ಈ ನಾಲ್ಕಕ್ಕೂ ಹೌದು ಅನ್ನೋ ಸಂಘ, ಸೀನಿಯರ್‌ಗಳು ಬೆಂಗಳೂರಿಗೆ ಹೋದರೂ ಮುಂದಿನ ಡಿಸೆಂಬರ್‌ಗೆ ಓಣಿಗೆ ಬರುತ್ತೆ. ಇಲ್ಲ ಅನ್ನೋ ಕಡೆ ನಕ್ಷತ್ರ ತೂಗುತ್ತೆ, ಕೇಕ್ ಕತ್ತರಿಸುತ್ತಾರೆ, ಸ್ಪೀಕರಿನಲ್ಲಿ ರೆಕಾರ್ಡ್ ಹಾಡು ಬರುತ್ತೆ. ಬಾಗಿಲಲ್ಲಿ ನಿಂತು ಹಾಡೋರು ಮಾತ್ರ ಇರಲ್ಲ.